ಕಾಜಕ್ಕನ ಅರ್ಜಿ

ಸಂಘದ ಕಚೇರಿಯ ಗೋಡೆಯ ಮೇಲೆ ನನ್ನ ದೊಡ್ಡಮ್ಮನ ಫೋಟೋ ತೂಗುಹಾಕಿದ್ದಾರೆ. ತಲೆ ನೀಟಾಗಿ ಬಾಚಿ, ಎರಡೂ ಕೈ ಮಡಿಲಲ್ಲಿಟ್ಟು, ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅವಳನ್ನು ಬಲ್ಲವರು ನೋಡಿದರೆ ಬೇರೆ ಯಾರೋ ಹೆಂಗಸು ಅಂದುಕೊಂಡಾರು. ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದದ್ದು ಬಹುಶಃ ಆ ಒಂದು ಗಳಿಗೆ ಮಾತ್ರ, ಅದೂ ಅಲುಗಾಡಿದರೆ ಮುಖ ಕೆಟ್ಟುಹೋಗುತ್ತದೆ ಎಂದು ಫೋಟೋದವನು ಹೆದರಿಸಿದ್ದರಿಂದ. ಕೆಳಗೆ ‘ಮಹಿಳೆಯರ ಮತದಾನದ ಹಕ್ಕಿಗಾಗಿ, ಕಾರ್ಮಿಕರ ಏಳಿಗೆಗಾಗಿ ಹೋರಾಡಿದ ಮಹಾತಾಯಿ’ ಎಂದು ಬರೆಸಿದ್ದಾರೆ. ಮಹಾತಾಯಿಯಂತೆ! ಅವಳು ತಾಯಿಯಾಗಿದ್ದರೆ ನನಗೊಬ್ಬಳಿಗೆ, ಅದೂ ಗತ್ಯಂತರವಿಲ್ಲದೆ. ಸಂಘದ ಹುಡುಗಿಯರು ಅವಳ ಬಗ್ಗೆ ವೇದಿಕೆಯಲ್ಲಿ ಐದು ನಿಮಿಷ ನಿಂತು ಮಾತಾಡಿ ಎಂದರು. ನನ್ನ ಮಂಡಿಗಳು ಐದು ನಿಮಿಷ ನಿಲ್ಲಲು ಒಪ್ಪುವುದಿಲ್ಲ, ಅವಳ ಕಥೆ ಐದು ನಿಮಿಷಕ್ಕೆ ಮುಗಿಯುವಂಥದ್ದೂ ಅಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನನ್ನ ಅಮ್ಮ ಅವಳ ತಂಗಿ. ನನಗೆ ಮೂರು ತುಂಬುವ ಮೊದಲೇ ಅಮ್ಮ ತೀರಿಹೋದಳು. ಅಪ್ಪ ಇನ್ನೊಂದು ಸಂಸಾರ ಹೂಡಿ ಕೈತೊಳೆದುಕೊಂಡ. ಆಗ ದೊಡ್ಡಮ್ಮ ನನ್ನನ್ನು ಸೊಂಟಕ್ಕೇರಿಸಿಕೊಂಡು ತನ್ನ ಕೋಣೆಗೆ ತಂದಳು. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಆ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಬೆಂಚು, ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ, ಬೀದಿಗೆ ತೆರೆಯುವ ಒಂದೇ ಕಿಟಕಿ. ಬಂದವರು ಬೆಂಚಿನ ಮೇಲೆ ಕೂರಬೇಕು, ಬೆಂಚು ತುಂಬಿದರೆ ಮಂಚ, ಮಂಚ ತುಂಬಿದರೆ ಮೆಟ್ಟಿಲು. ಮುಂದೆ ನಮ್ಮ ಸಂಘ ಹುಟ್ಟಿದ್ದೇ ಆ ಮೆಟ್ಟಿಲುಗಳ ಮೇಲೆ. ‘ಯಾಕೆ ಮದುವೆಯಾಗಲಿಲ್ಲ?’ ಎಂದು ಯಾರಾದರೂ ಕೇಳಿದರೆ ‘ಪುರುಸೊತ್ತಾಗ್ಲಿಲ್ಲ’ ಎನ್ನುತ್ತಿದ್ದಳು, ಬೇಸರವೂ ಇಲ್ಲ ಬಿಗುಮಾನವೂ ಇಲ್ಲ.

ಹನ್ನೊಂದನೇ ವಯಸ್ಸಿಗೆ ಅವಳು ಶರ್ಟಿನ ಕಾರ್ಖಾನೆ ಸೇರಿದ್ದಳು. ಕೆಳಗಿನ ಮಹಡಿಯಲ್ಲಿ ಗಂಡಸರು ಬಟ್ಟೆ ಕತ್ತರಿಸುತ್ತಿದ್ದರು. ಅದರ ಮೇಲೆ ಕಾಲರು, ಕಫ್ಫು, ತೋಳು. ಎಲ್ಲಕ್ಕೂ ಮೇಲಿನ ಮಹಡಿಯಲ್ಲಿ ಕಾಜಾ ಮತ್ತು ಗುಂಡಿ. ಕಾಜಾ ಎಂದರೆ ಗುಂಡಿ ತೂರಿಸುವ ಸೀಳು. ಸೀಳುವುದೇನು, ಕತ್ತರಿಯಿದ್ದವರು ಯಾರು ಬೇಕಾದರೂ ಸೀಳಿಯಾರು. ಅದರ ಸುತ್ತ ಎಳೆ ಬಿಡದಂತೆ ಒತ್ತೊತ್ತಾಗಿ ದಾರ ಹಾಕಿಕೊಂಡು ಬರುವುದರಲ್ಲಿ ಇರುವುದು ಕಸುಬು. ‘ಗುಂಡಿ ಒಳಗೆ ಹೋಗೋವಾಗ ನೆಂಟರ ಮನೆಗೆ ಹೋದ ಹಾಗೆ ಹೋಗ್ಬೇಕು, ಹೊರಗೆ ಬರೋವಾಗ ಹಿಂದೆ ಮುಂದೆ ನೋಡ್ಬೇಕು’ ಎನ್ನುವುದು ಅವಳ ಪಾಠ. ಅವಳ ಕಾಜಾ ಹಾಗೇ ಇರುತ್ತಿತ್ತು. ಅದಕ್ಕೇ ಇಡೀ ಕಾರ್ಖಾನೆಗೆ ಅವಳು ಕಾಜಕ್ಕ. ಹೊಲಿಗೆ ಕೆಟ್ಟಿದೆ ಎಂದು ಅವಳ ಕೆಲಸ ಒಂದು ದಿನವೂ ವಾಪಸು ಬರಲಿಲ್ಲ. ಈ ಒಂದು ವಿಷಯದಲ್ಲಿ ಅವಳಿಗೆ ಸೊಕ್ಕಿತ್ತು, ಇತ್ತು ಎಂದೇ ಹೇಳುತ್ತೇನೆ. ಬದುಕಿನ ಬೇರೆ ಯಾವ ತಪ್ಪನ್ನಾದರೂ ಮರುಮಾತಿಲ್ಲದೆ ಒಪ್ಪಿಕೊಂಡಾಳು, ‘ಹೊಲಿಗೆ ಸ್ವಲ್ಪ ಸೊಟ್ಟ’ ಎಂದು ತಮಾಷೆಗೆ ಅಂದರೂ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದಳು.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಕೈಕೆಲಸದ ಪ್ರತಿ ಹೆಂಗಸಿಗೂ ಒಂದು ಗುರುತು. ಶರ್ಟಿನ ಕೆಳಗಿನ ಅಂಚಿನ ಒಳಮಡಿಕೆಯಲ್ಲಿ, ಕಾಳಿನಷ್ಟು ಜಾಗದಲ್ಲಿ, ತಾನು ಹೊಲಿದದ್ದೆಂದು ಆ ಗುರುತು ಹಾಕಬೇಕು. ಒಬ್ಬಳದು ಏಣಿ, ಒಬ್ಬಳದು ಮೂರು ಚುಕ್ಕೆ, ಒಬ್ಬಳದು ಬಾಗಿದ ಕೊಕ್ಕೆ. ಶರ್ಟು ದೂರು ಹೊತ್ತು ವಾಪಸು ಬಂದರೆ ಮೇಸ್ತ್ರಿ ಮಡಿಕೆ ಬಿಡಿಸಿ, ತನ್ನ ಗುರುತಿನ ಪುಸ್ತಕ ತೆರೆದು, ನೇರ ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ. ಮಾಲೀಕನಿಗಂತೂ ಪುಸ್ತಕವೂ ಬೇಕಿರಲಿಲ್ಲ. ಅವನೂ ಅದೇ ಮಹಡಿಗಳಲ್ಲಿ ಅಪ್ಪನ ಹಿಂದೆ ಓಡಾಡಿ ಬೆಳೆದವನು. ಗುರುತು ನೋಡಿದರೆ ಮುಖ ನೋಡಿದಂತೆ ಹೇಳಿಬಿಡುತ್ತಿದ್ದ. ನಾನು ಹದಿನಾಲ್ಕಕ್ಕೆ ಗುಂಡಿಯ ಮೇಜು ಸೇರಿದಾಗ ದೊಡ್ಡಮ್ಮ ನನಗೊಂದು ಗುರುತು ಆರಿಸಿ ಕೊಟ್ಟಳು: ಎರಡು ಅಡ್ಡಗೆರೆ, ನಡುವೆ ಒಂದು ಚುಕ್ಕೆ. ನಮ್ಮಲ್ಲಿ ಬಹಳ ಜನಕ್ಕೆ ಬರೆಯಲು ಬಾರದು. ಹಾಗಾಗಿ ಆ ಗುರುತೇ ನಮ್ಮ ಸಹಿ, ನಮ್ಮ ಹೆಸರು, ಸ್ವಲ್ಪ ಮಟ್ಟಿಗೆ ನಮ್ಮ ಮಾನ ಕೂಡ.

ದೊಡ್ಡಮ್ಮನ ಮೊದಲ ಜಗಳ ಕಿಟಕಿಗಾಗಿ. ಧೂಳು ಬಂದು ಬಿಳಿ ಬಟ್ಟೆ ಕೆಡುತ್ತದೆ ಎಂದು ಮೇಲಿನ ಮಹಡಿಯ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದರು. ಇಸ್ತ್ರಿಯ ಹಬೆಯಲ್ಲಿ ಇಬ್ಬರು ತಲೆಸುತ್ತಿ ಬಿದ್ದ ದಿನ ಅವಳು ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಟ್ಟು ಕೈಕಟ್ಟಿ ಕೂತಳು. ಅವಳ ಮೇಜು ಕೂತಿತು, ಆಮೇಲೆ ಪಕ್ಕದ ಮೇಜು. ಮೇಸ್ತ್ರಿ ಓಡಿ ಬಂದ.

“ಏನಮ್ಮಾ ಇದು ಕಾಜಕ್ಕ, ಎಲ್ರೂ ಕೂತ್ಬಿಟ್ಟಿದ್ದೀರಲ್ಲ?”

“ಗಾಳಿ ಬರ್ಲಿ ಅಂತ ಕಾಯ್ತಾ ಇದ್ದೀವಿ.”

“ಕೆಲಸ ನಿಂತ್ರೆ ಮಾಲು ಹೋಗೋದು ಹೇಗೆ?”

“ಕಳಿಸಿ, ಯಾರು ಬೇಡ ಅಂದ್ರು? ಕಾಜಾ ಇಲ್ಲದ ಶರ್ಟು ಹಾಕ್ಕೊಂಡು ಜನ ಎದೆ ಬಿಟ್ಕೊಂಡು ತಿರುಗ್ಲಿ.”

ಮೂರನೇ ದಿನ ಬಡಗಿ ಬಂದು ಮೊಳೆ ಕಿತ್ತ. ಗೆದ್ದ ಖುಷಿಗೆ ಎಲ್ಲರೂ ಕಿಟಕಿಗೆ ಮುಗಿಬಿದ್ದು ಅರ್ಧ ದಿನದ ಕೆಲಸ ಹಾಳು ಮಾಡಿದರು. ಅದಕ್ಕೆ ದೊಡ್ಡಮ್ಮನೇ ಅವರನ್ನು ಬೈದಳು.

ಕಿಟಕಿ ತೆಗೆಸಿದವಳು ದುಡಿಮೆಯ ಹೊತ್ತನ್ನೂ ಇಳಿಸುತ್ತೇನೆಂದು ಹೊರಟಳು. ಹೆಂಗಸರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಾನೂನಾಗಬೇಕು ಎಂಬುದು ಅವಳ ಹಟ. ಕಾನೂನು ಮಾಡುವವರು ಶಾಸನ ಸಭೆಯವರು ಎಂದು ತಿಳಿದು, ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಭಾಗದ ಪ್ರತಿನಿಧಿಯ ಮನೆಗೆ ಹೋದಳು. ನಾನೂ ಇದ್ದೆ. ಅವನು ಕೆಟ್ಟವನೇನಲ್ಲ. ಕೂರಿಸಿದ, ಕುಡಿಯಲು ನೀರು ಕೊಡಿಸಿದ, ಪೂರ್ತಿ ಕೇಳಿದ.

“ನೋಡಿ ತಾಯಿ, ನೀವು ಹೇಳೋದೆಲ್ಲ ನಿಜ. ಆದ್ರೆ ನನ್ನನ್ನ ಆರಿಸಿ ಕಳಿಸೋರು ನಿಮ್ಮ ಮಾಲೀಕರು, ನಿಮ್ಮ ಗಂಡಂದಿರು. ನಿಮಗೆ ಓಟಿಲ್ಲ. ಓಟಿಲ್ಲದೋರ ಮಾತು ನಾನು ಎತ್ತಿದ್ರೆ ಸಭೆಯಲ್ಲಿ ನಗ್ತಾರೆ.”

ಮೆಟ್ಟಿಲಿಳಿಯುವಾಗ ನಮಗೆಲ್ಲ ಮೈ ಉರಿಯುತ್ತಿತ್ತು. ದೊಡ್ಡಮ್ಮನಿಗೆ ಮಾತ್ರ ಏನೋ ಹೊಳೆದಂತಿತ್ತು. “ಬೈಬೇಡ್ರೇ ಅವನನ್ನ. ಇದ್ದದ್ದು ಇದ್ದ ಹಾಗೆ ಹೇಳಿದ. ಇಷ್ಟು ದಿನ ನಾವು ಬೇರೆ ಬಾಗಿಲು ತಟ್ತಾ ಇದ್ವಿ” ಎಂದಳು. ಅವತ್ತಿನಿಂದ ಅವಳ ಬಾಯಲ್ಲಿ ಓಟು, ಓಟು, ಓಟು. ಎದ್ದರೆ ಓಟು, ಊಟಕ್ಕೆ ಕೂತರೆ ಓಟು. ನನ್ನ ಮದುವೆಯ ದಿನ ಗಂಡಿನ ಕಡೆಯವರಿಗೂ ಅವಳು ಓಟಿನ ವಿಷಯ ಹೇಳಿದ್ದುಂಟು; ನನ್ನ ಗಂಡನ ಅಣ್ಣ ಇವತ್ತಿಗೂ ಅದನ್ನು ಎತ್ತಿ ಆಡಿಕೊಳ್ಳುತ್ತಾನೆ.

ಓಟಿಗಾಗಿ ಆಗಲೇ ಒಂದು ಮಹಿಳಾ ಸಭೆಯಿತ್ತು. ವಕೀಲರ ಹೆಂಡತಿ, ಶಾಲೆಯ ದೊಡ್ಡ ಟೀಚರು, ಡಾಕ್ಟರ ತಂಗಿ, ಇಂಥವರು ಮೆತ್ತನೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಅರ್ಜಿ ಬರೆಯುತ್ತಿದ್ದರು. ಮೊದಲ ದಿನ ದೊಡ್ಡಮ್ಮ ಅಲ್ಲಿಗೆ ಹೋದಾಗ ವಕೀಲರ ಹೆಂಡತಿಯ ತೋಳಿನ ಕಾಜಾ ಬಿಟ್ಟುಕೊಂಡಿತ್ತು. ಇವಳಿಗೆ ತಡೆಯಲಾದೀತೆ! ವಾದ ಮಾಡುತ್ತ ಮಾಡುತ್ತಲೇ ಆ ಮಹಾರಾಯಿತಿಯ ಕೈ ಹಿಡಿದು, ಸೂಜಿ ತೆಗೆದು, ಹೊಲಿದು, ಹಲ್ಲಿನಿಂದ ದಾರ ಕಡಿದುಬಿಟ್ಟಳಂತೆ. ಅಂದಿನಿಂದ ಅವರಿಬ್ಬರೂ ಸಾಯುವವರೆಗೆ ಗೆಳತಿಯರು. ನಮ್ಮ ಪುಣ್ಯ.

ಮಹಿಳಾ ಸಭೆಯ ಅರ್ಜಿಯನ್ನು ಶಾಸನ ಸಭೆಯವರು ಒಂದೇ ಮಾತಿನಲ್ಲಿ ಬದಿಗಿಟ್ಟಿದ್ದರು: ‘ಇದು ಅನುಕೂಲಸ್ಥರ ಮನೆ ಹೆಂಗಸರ ಹವ್ಯಾಸ, ದುಡಿಯುವ ಹೆಂಗಸರಿಗೆ ಓಟು ಬೇಕಿಲ್ಲ.’ ದೊಡ್ಡಮ್ಮ ನಮ್ಮ ಕಾರ್ಖಾನೆಯವರ ಹೆಬ್ಬೆಟ್ಟು ಒತ್ತಿಸಿ ಹಾಳೆ ಕಳಿಸಿದಳು. ಗುಮಾಸ್ತ ಅದನ್ನು ವಾಪಸು ಕಳಿಸಿದ. ಒಂದೇ ಹೆಬ್ಬೆಟ್ಟನ್ನು ಇಪ್ಪತ್ತು ಸಲ ಒತ್ತಿದ್ದೀರೇನೋ, ಯಾರಿಗೆ ಗೊತ್ತು ಎಂದ. ಅವತ್ತು ಸಂಜೆ ದೊಡ್ಡಮ್ಮ ಮಂಚದ ಮೇಲಿನ ಬಿಳಿ ಹಾಸನ್ನು ಎಳೆದು ಕೊಡವಿದಳು.

“ಬಾರೇ ಇಲ್ಲಿ. ನಮಗೆ ಬರೋದನ್ನೇ ಮಾಡೋಣ. ನಮ್ಮ ನಮ್ಮ ಗುರುತು ಹೊಲಿಯೋಣ. ಒಬ್ಬಳ ಕೈ ಇನ್ನೊಬ್ಬಳಿಗೆ ಬರಲ್ಲ, ದಾರದ ಬಿಗಿ ನೋಡಿದ್ರೇ ತಿಳಿಯತ್ತೆ.”

ಮೊದಲ ಗುರುತು ಅವಳದು, ನಿಂತ ಮೂರು ಹೊಲಿಗೆಗೆ ಒಂದು ಅಡ್ಡ. ಅದರ ಪಕ್ಕದಲ್ಲೇ ನನ್ನದು. ಐದು ಭಾನುವಾರ ಆ ಹಾಸು ಮನೆಯಿಂದ ಮನೆಗೆ ಹೋಯಿತು. ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಕೂಸು ತೊಡೆಯ ಮೇಲಿದ್ದಂತೆಯೇ ಹೆಂಗಸರು ಹೊಲಿದರು. ಕಾಲರಿನ ಮೇಜಿನ ಅಜ್ಜಿಯಂತೂ, ‘ಎಷ್ಟು ವರ್ಷದಿಂದ ಬೇರೆಯವರ ಶರ್ಟಿಗೆ ಹಾಕಿದ ಗುರುತು, ಮೊದಲ ಸಲ ನನಗೋಸ್ಕರ ಹಾಕ್ತಾ ಇದ್ದೀನಿ’ ಎಂದು ಕಣ್ಣೊರೆಸಿಕೊಂಡಳು. ಕೊನೆಗೆ ನೂರಾ ತೊಂಬತ್ತೊಂದು ಗುರುತುಗಳಾದವು. ಶಾಸನ ಸಭೆಯ ಸಮಿತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಅಹವಾಲು ಕೇಳುತ್ತದೆ ಎಂದು ಗೊತ್ತಾಯಿತು.

ಆ ವಾರದ ಮಂಗಳವಾರ, ಊಟದ ಬಿಡುವಿನಲ್ಲಿ, ಅದೇ ಕಾಲರಜ್ಜಿ ಡಬ್ಬಿಯ ಮುಚ್ಚಳ ತೆಗೆಯುತ್ತ ಸುಮ್ಮನೆ ಕೇಳಿದಳು:

“ಅಲ್ಲಾ ಕಾಜಕ್ಕ, ಈ ಹಾಸನ್ನ ನಮ್ಮ ಮಾಲೀಕರೇನಾದ್ರೂ ನೋಡಿದ್ರೆ?”

ದೊಡ್ಡಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹೆಬ್ಬೆಟ್ಟನ್ನು ಯಾವ ಮಾಲೀಕನೂ ಓದಲಾರ. ನಾವು ಹೊಲಿದದ್ದನ್ನು ಮಾತ್ರ ನಮ್ಮ ಮಾಲೀಕ ಅಂಗೈ ನೋಡಿಕೊಂಡಷ್ಟು ಸುಲಭವಾಗಿ ಓದಬಲ್ಲ. ಕಾರ್ಖಾನೆದಾರರ ಪರವಾಗಿ ಓಟು ಬೇಡವೆಂದು ಹೇಳಲು ಶನಿವಾರ ಅದೇ ಸಮಿತಿಯ ಮುಂದೆ ಬರುವವನೂ ಅವನೇ. ಯಾರು ಯಾರನ್ನು ಕೆಲಸದಿಂದ ಕಿತ್ತುಹಾಕಬೇಕು ಎಂಬ ಪಟ್ಟಿಯನ್ನು ನಾವೇ ಐದು ಭಾನುವಾರ ಕೂತು ಹೊಲಿದು ಕೊಟ್ಟಂತಾಗಿತ್ತು. ಇಂಥ ತಪ್ಪು ಮಾಡಲು ಗುರುತು ಹೊಲಿಯುವ ನಮ್ಮಂಥವರಿಗೆ ಮಾತ್ರ ಸಾಧ್ಯ.

ದೊಡ್ಡಮ್ಮ ಎದ್ದು ಮೆಟ್ಟಿಲ ಮೇಲೆ ನಿಂತಳು. “ತಪ್ಪು ನಂದು ಕಣ್ರೇ. ನನಗೆ ಹೊಳೀಲೇ ಇಲ್ಲ. ಕೆಲಸ ಹೋದ್ರೆ ಮನೆ ನಡೆಯಲ್ಲ ಅನ್ನೋರು ಬಂದು ಬಿಚ್ಚಿಕೊಳ್ಳಿ. ಯಾಕೆ ಅಂತ ನಾನು ಕೇಳಲ್ಲ, ಇನ್ನೊಬ್ರಿಗೂ ಕೇಳೋಕೆ ಬಿಡಲ್ಲ” ಎಂದಳು. ಬುಧವಾರ ನಾಲ್ಕು ಜನ ಬಂದು ಬಿಚ್ಚಿದರು. ಗುರುವಾರ ಬೇರೆ ನಾಲ್ವರು ಬಂದು ಅದೇ ಜಾಗದಲ್ಲಿ ತಮ್ಮದನ್ನು ಹೊಲಿದು ಹೋದರು. ಆ ನಾಲ್ವರಲ್ಲಿ ಇಬ್ಬರು ಅದುವರೆಗೆ ಓಟೆಂದರೆ ಮೂಗು ಮುರಿಯುತ್ತಿದ್ದವರು.

ಈಗ ನನ್ನ ಪಾಡು ಹೇಳಬೇಕು. ಇಲ್ಲಿಯವರೆಗೆ ಬರೆದದ್ದು ಸುಲಭವಿತ್ತು.

ನನ್ನ ಗಂಡ ಸರಕಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಎರಡು ತಿಂಗಳ ಹಿಂದೆ ಮೂಟೆ ಜಾರಿ ಬೆನ್ನಿನ ಮೇಲೆ ಬಿದ್ದು ಹಾಸಿಗೆ ಹಿಡಿದಿದ್ದ. ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು. ಮಗಳಿಗೆ ಎಂಟು ತಿಂಗಳು. ಮನೆಗೆ ಬರುತ್ತಿದ್ದದ್ದು ನನ್ನ ಗುಂಡಿಯ ಕೂಲಿಯೊಂದೇ. ನಾಲ್ಕು ದಿನ ನಾನು ಗಟ್ಟಿಯಾಗಿದ್ದೆ. ಕಾಜಕ್ಕ ಸಾಕಿದ ಹುಡುಗಿಯೇ ಬಿಚ್ಚಿದಳೆಂದರೆ ಜನ ಏನಂದಾರು ಎಂಬುದೊಂದು, ಅವಳ ಪಕ್ಕದಲ್ಲಿರುವ ಗುರುತು ಎಂಬುದೊಂದು. ಶನಿವಾರ ಅರ್ಧ ದಿನದ ಪಾಳಿ ಮುಗಿಸಿ ಮನೆಗೆ ಬಂದಾಗ ನನ್ನ ಗಂಡ ಕೂಸಿಗೆ ತನ್ನ ಪಾಲಿನ ಹಾಲು ಕುಡಿಸುತ್ತಿದ್ದ, ತಲೆ ಎತ್ತಲಾಗದೆ ಮಲಗಿದ್ದಲ್ಲಿಂದಲೇ. ನನ್ನ ಗಟ್ಟಿತನವೆಲ್ಲ ಅಲ್ಲಿಗೆ ಮುಗಿಯಿತು. ಕೂಸನ್ನು ಎತ್ತಿಕೊಂಡು ದೊಡ್ಡಮ್ಮನ ಕೋಣೆಗೆ ಓಡಿದೆ. ಅವಳು ಹಾಸನ್ನು ಮಡಚಿ ಹೊರಡಲು ಸಿದ್ಧವಾಗಿದ್ದಳು. ನನ್ನ ಮುಖ ನೋಡಿದಳು. ಮಡಿಕೆ ಬಿಡಿಸಿ ಹಾಸನ್ನು ಬೆಂಚಿನ ಮೇಲೆ ಹರವಿ ತನ್ನ ಸಣ್ಣ ಕತ್ತರಿಯನ್ನು ನನ್ನ ಕೈಗಿಟ್ಟಳು. ನಾನು ಗಡಿಬಿಡಿಯಲ್ಲಿ ದಾರಕ್ಕೆ ಕತ್ತರಿ ಹಾಕಿದೆ.

“ನಿಧಾನ. ಬಟ್ಟೆ ಕತ್ತರಿಸಿಬಿಟ್ಟೀಯ” ಎಂದು ಕೂಸನ್ನು ತಾನು ಎತ್ತಿಕೊಂಡು, ಇನ್ನೊಂದು ಕೈಯಿಂದ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. ಎರಡು ಗೆರೆ, ಒಂದು ಚುಕ್ಕೆ. ಬಿಚ್ಚಲು ಎಷ್ಟು ಹೊತ್ತು! ಆ ಜಾಗದಲ್ಲಿ ಬೇರೆ ಯಾರನ್ನಾದರೂ ಕರೆದು ಹೊಲಿಸಲು ಸಮಯವಿರಲಿಲ್ಲ.

ಸಮಿತಿಯ ಹಜಾರದಲ್ಲಿ ಉದ್ದನೆ ಮೇಜು, ಅದರಾಚೆ ಏಳು ಜನ, ನಡುವೆ ದಪ್ಪ ಕನ್ನಡಕದ ಅಧ್ಯಕ್ಷರು. ಜನರಿಗೆ ಕೂರಲು ಮೇಲೊಂದು ಅಟ್ಟಣಿಗೆ. ಅಲ್ಲಿ ನಮ್ಮ ಕಾರ್ಖಾನೆಯ ಹೆಂಗಸರು ಕಿಕ್ಕಿರಿದಿದ್ದರು. ನಾನು ಕಂಬದ ಹಿಂದೆ ಕೂಸನ್ನು ಅವಚಿಕೊಂಡು ಕೂತೆ. ಬರದೇ ಇರಲು ಮನಸ್ಸಾಗಲಿಲ್ಲ, ಕಾಣಿಸಿಕೊಳ್ಳಲು ಧೈರ್ಯವಿರಲಿಲ್ಲ.

ದೊಡ್ಡಮ್ಮ ಹಾಸನ್ನು ಮೇಜಿನ ಮೇಲೆ ಹರಡಿದಳು. ಕಾರ್ಖಾನೆದಾರರ ವಕೀಲ ನಗುತ್ತ ಎದ್ದ.

“ಸ್ವಾಮಿ, ಇದನ್ನ ಒಬ್ಬಳೇ ಹೆಂಗಸು ಕೂತು ಹೊಲಿದಿದ್ದಾಳೆ. ನಾಲ್ಕು ದಿನದ ಕೆಲಸ. ಕೆಲಸದ ಹೆಂಗಸರಿಗೆ ಓಟು ಯಾತಕ್ಕೆ?”

“ಒಬ್ಬಳು ಹೊಲಿದದ್ದೋ ಹಲವರು ಹೊಲಿದದ್ದೋ ಹೇಳಬಲ್ಲೋರು ಇಲ್ಲೇ ಕೂತಿದ್ದಾರೆ” ಎಂದಳು ದೊಡ್ಡಮ್ಮ. “ನಮ್ಮ ಮಾಲೀಕರು. ಗುರುತು ಓದೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಈಗ ವಯಸ್ಸಾಗಿ ಮರೆತಿದ್ದರೆ ಬೇರೆ ಮಾತು.”

ಅವಳು ಬೇಕೆಂದೇ ಅವನನ್ನು ಕೆಣಕಿದ್ದಳು. ಅವನು ಹಾಸಿನ ಹತ್ತಿರ ಬಂದ. ಒಂದು ಸಲ ಬಗ್ಗಿ ನೋಡಿದ್ದೇ ತಡ, ಅವನ ಕಿವಿಯೆಲ್ಲ ಕೆಂಪಾಯಿತು.

“ಮರೆಯೋದಾ? ಇದು ಕಾಲರಿನ ಮುದುಕಿ! ಇದು ಕಫ್ಫಿನ ಅಕ್ಕತಂಗಿ ಇಬ್ಬರದ್ದು. ಇವಳು! ಹೋದ ತಿಂಗಳು ರಜಾ ಬೇಕು ಅಂತ ನನ್ನ ಕಾಲು ಹಿಡಿದಿದ್ಲು, ಇವಳೂ ಹಾಕಿದ್ದಾಳೆ! ನನ್ನ ಉಪ್ಪು ತಿಂದು...” ಎಂದು ಬೆರಳಿಟ್ಟು ಬೆರಳಿಟ್ಟು ಸಾಲು ಸಾಲಾಗಿ ಹೇಳುತ್ತ ಹೋದ. ಅವನ ವಕೀಲ ಅಂಗಿ ಎಳೆಯುತ್ತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ಅಧ್ಯಕ್ಷರು ಪೆನ್ಸಿಲು ತೆಗೆದು ಗುರುತು ಹಾಕಿಕೊಳ್ಳುತ್ತಿದ್ದರು.

“ಅಂದ್ರೆ ಇವೆಲ್ಲ ನಿಮ್ಮಲ್ಲಿ ದುಡಿಯೋ ಬೇರೆ ಬೇರೆ ಹೆಂಗಸರ ಗುರುತುಗಳು ಅಂತ ನೀವೇ ಸಾಕ್ಷಿ ಹೇಳಿದ ಹಾಗಾಯ್ತು?” ಎಂದರು.

ಆಗ ಹಜಾರದಲ್ಲಿ ಎದ್ದ ನಗೆಯನ್ನು ನಾನು ಇನ್ನೂ ಕೇಳಬಲ್ಲೆ. ಸಮಿತಿಯವರೂ ನಕ್ಕರು. ಅವನಿಗೆ ತಾನು ಏನು ಮಾಡಿದೆನೆಂದು ಹೊಳೆದು, ಅವಮಾನದಲ್ಲಿ ಏನಾದರೊಂದು ಕೊಂಕು ಸಿಕ್ಕೀತೇ ಎಂದು ಮತ್ತೆ ಹಾಸಿನ ಮೇಲೆ ಬಗ್ಗಿದ. ಮೊದಲ ಸಾಲಿಗೆ ಬಂದ. ಎರಡನೇ ಜಾಗದಲ್ಲಿ ಬೆರಳು ನಿಂತಿತು.

“ಇಲ್ಲಿ ಇದ್ದದ್ದನ್ನ ಬಿಚ್ಚಿದ್ದಾರೆ. ಸೂಜಿ ತೂತು ಹಾಗೇ ಇದೆ. ಯಾರದ್ದಿದು?”

ಬಿಚ್ಚಿದರೂ ಬಟ್ಟೆಯಲ್ಲಿ ತೂತುಗಳ ಸಾಲು ಉಳಿದಿರುತ್ತದೆ. ಎರಡು ಗೆರೆ, ಒಂದು ಚುಕ್ಕೆ. ಇನ್ನೊಂದು ಚೂರು ಬೆಳಕಿಗೆ ಹಿಡಿದರೆ ಅವನು ಅದನ್ನೂ ಓದಿಬಿಡುತ್ತಿದ್ದ. ಹೊಲಿದು ಧೈರ್ಯ ತೋರಿದವರ ಮೇಲಿಗಿಂತ, ಹೊಲಿದು ಹೆದರಿ ಬಿಚ್ಚಿದವಳ ಮೇಲೆ ಅವನ ಸಿಟ್ಟು ಸಲೀಸಾಗಿ ಇಳಿಯುತ್ತದೆಂದು ನನಗೆ ಗೊತ್ತಿತ್ತು.

ದೊಡ್ಡಮ್ಮ ಮುಂದೆ ಬಂದು ಆ ಜಾಗದ ಮೇಲೆ ಹೆಬ್ಬೆರಳಿಟ್ಟಳು. ಉಗುರಿನಿಂದ ಬಟ್ಟೆಯನ್ನು ಅತ್ತ ಇತ್ತ ನಾಲ್ಕು ಸಲ ಕೆರೆದಳು. ಹಾಗೆ ಕೆರೆದರೆ ಎಳೆಗಳು ಸರಿದು ತೂತು ಮುಚ್ಚಿಕೊಳ್ಳುತ್ತದೆ. ಹೊಲಿಯುವವರಿಗೆಲ್ಲ ಗೊತ್ತಿರುವ ಉಪಾಯ ಅದು.

“ಅದೂ ನಂದೇ” ಎಂದಳು. “ಮೊದಲು ಅಲ್ಲಿ ಹಾಕಿದ್ದೆ. ಸೊಟ್ಟಗಾಯ್ತು. ಬಿಚ್ಚಿ ಪಕ್ಕದಲ್ಲಿ ಹಾಕ್ದೆ.”

“ನಿನ್ನ ಹೊಲಿಗೆ ಸೊಟ್ಟಗಾಯ್ತಾ?” ಎಂದ ಮಾಲೀಕ. ಅವನಿಗೇ ನಂಬಿಕೆ ಬರಲಿಲ್ಲ.

“ಆಯ್ತು ಸ್ವಾಮಿ. ಕೈ ತಪ್ಪಿತು.”

ಅಟ್ಟಣಿಗೆಯಲ್ಲಿದ್ದ ಒಬ್ಬೊಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ಕಾಲರಜ್ಜಿ ಕಂಬದ ಹಿಂದಿದ್ದ ನನ್ನ ಕಡೆ ಒಂದು ಸಲ ತಿರುಗಿ ನೋಡಿ, ಮುಖವನ್ನು ಮತ್ತೆ ಕೆಳಗೆ ತಿರುಗಿಸಿಕೊಂಡಳು. ಎದ್ದು ‘ಅದು ನನ್ನದು’ ಎನ್ನಬೇಕೆಂದು ನನ್ನ ಕಾಲು ಹೇಳುತ್ತಿತ್ತು. ನಾನು ಏಳಲಿಲ್ಲ. ಕೂಸನ್ನು ಇನ್ನಷ್ಟು ಅವಚಿಕೊಂಡು ಕೂತಲ್ಲೇ ಕೂತಿದ್ದೆ.

ಸೋಮವಾರ ಮಾಲೀಕ ಎಲ್ಲರನ್ನೂ ತೆಗೆದುಹಾಕುತ್ತೇನೆಂದು ಹಾರಾಡಿದನಂತೆ. ಪೊಲೀಸರ ಸಮವಸ್ತ್ರದ ದೊಡ್ಡ ಮಾಲು ಅರ್ಧಕ್ಕೆ ನಿಂತಿತ್ತು. ‘ಇವರನ್ನೆಲ್ಲ ಕಳಿಸಿದ್ರೆ ಪೊಲೀಸರಿಗೆ ಗುಂಡಿ ಬದಲು ದಾರ ಕಟ್ಕೊಳ್ಳಿ ಅನ್ಬೇಕಾಗತ್ತೆ’ ಎಂದು ಮೇಸ್ತ್ರಿ ಬುದ್ಧಿ ಹೇಳಿದ. ಕೊನೆಗೆ ಒಬ್ಬಳನ್ನೇ ತೆಗೆದರು. ಹನ್ನೊಂದನೇ ವಯಸ್ಸಿನಿಂದ ಕೂತ ಬೆಂಚಿನಿಂದ ದೊಡ್ಡಮ್ಮ ತನ್ನ ಕತ್ತರಿ ಎತ್ತಿಕೊಂಡು ಇಳಿದು ಹೋದಳು. ನಾವು ಎರಡು ದಿನ ಕೈಕಟ್ಟಿ ಕೂತೆವು. ಮೂರನೇ ದಿನ ಅವಳೇ ಗೇಟಿನ ಹತ್ತಿರ ಬಂದು, “ಎದ್ದು ಕೆಲಸ ಮಾಡ್ರೇ. ಶಕ್ತಿ ಎಲ್ಲ ನನ್ನೊಬ್ಬಳಿಗೇ ಸುರೀಬೇಡಿ, ಹತ್ತು ಗಂಟೆಯ ಕಾನೂನಿಗೆ ಬೇಕಾಗತ್ತೆ” ಎಂದು ಗದರಿ ಹೋದಳು. ನನ್ನ ಕೆಲಸ ಉಳಿಯಿತು. ಗಂಡನಿಗೆ ಔಷಧಿ ಬಂತು, ಆರು ತಿಂಗಳಿಗೆ ಎದ್ದು ನಿಂತ. ಕೂಸು ಬೆಳೆದು ಓದು ಕಲಿತಳು. ಈ ಮನೆಯಲ್ಲಿ ಇವತ್ತು ಇರುವ ಪ್ರತಿಯೊಂದಕ್ಕೂ ಮೂಲ ಆ ಹೆಬ್ಬೆರಳು ಎಂದು ನಾನು ತಿಳಿದಿದ್ದೇನೆ, ಮತ್ತು ಬಾಯಿಬಿಟ್ಟು ಹೇಳುತ್ತೇನೆ.

ಓಟೇನೂ ಅವತ್ತೇ ಬರಲಿಲ್ಲ. ‘ದುಡಿಯುವ ಹೆಂಗಸರೂ ಓಟು ಬಯಸುತ್ತಾರೆ ಎಂಬುದು ಸಾಬೀತಾಗಿದೆ’ ಎಂದು ಅಧ್ಯಕ್ಷರು ಬರೆದರು, ಅಷ್ಟೆ. ಆ ಒಂದು ಸಾಲನ್ನು ಹಿಡಿದುಕೊಂಡು ದೊಡ್ಡಮ್ಮ ಮತ್ತು ವಕೀಲರ ಹೆಂಡತಿ ಇನ್ನೂ ಆರು ವರ್ಷ ಹತ್ತದ ಮೆಟ್ಟಿಲಿಲ್ಲ. ಮನೆಯಲ್ಲೇ ಸಣ್ಣ ದರ್ಜಿಗಳಿಗೆ ಕಾಜಾ ಹಾಕಿಕೊಡುತ್ತ, ಸಂಜೆ ಸಂಘದ ಕೆಲಸ ಮಾಡುತ್ತ ಅವಳು ದಿನ ದೂಡಿದಳು. ನಾನು ಅವಳಿಗೆ ಕ್ಷಮೆ ಕೇಳಬೇಕೆಂದು ಆರು ವರ್ಷವೂ ಅಂದುಕೊಂಡೆ. ಪ್ರತಿ ಸಲವೂ ಮಾತು ಗಂಟಲಿಗೆ ಬಂದು, ‘ಊಟ ಆಯ್ತಾ ದೊಡ್ಡಮ್ಮ?’ ಎಂದಾಗುತ್ತಿತ್ತು.

ಏಳನೇ ವರ್ಷ ಕಾನೂನು ಬಂತು. ಚುನಾವಣೆ ಹತ್ತಿರವಾದಾಗ ನಮ್ಮ ಆ ಪ್ರತಿನಿಧಿ ಏದುಸಿರು ಬಿಡುತ್ತ ಎರಡು ಮಹಡಿ ಹತ್ತಿ ದೊಡ್ಡಮ್ಮನ ಕೋಣೆಗೆ ಬಂದ. ಹತ್ತು ಗಂಟೆಯ ಕಾನೂನಿನ ಮಾತನ್ನು ತಾನೇ ಎತ್ತಿದ. ದೊಡ್ಡಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಪೂರ್ತಿ ಕೇಳಿದಳು. ಅವನು ಇಳಿದು ಹೋದ ಮೇಲೆ ನಾವಿಬ್ಬರೂ ಮಂಚದ ಮೇಲೆ ಬಿದ್ದು ನಕ್ಕೆವು.

ಓಟಿನ ದಿನ ಶಾಲೆಯ ಅಂಗಳದಲ್ಲಿ ಸಾಲು. ನಾನು ಮಧ್ಯಾಹ್ನದ ಪಾಳಿಗೆ ಮೊದಲೇ ಬಂದಿದ್ದೆ, ದೊಡ್ಡಮ್ಮ ನನ್ನ ಮುಂದೆ. ಒಳಗೆ ಮೂಲೆಯಲ್ಲಿ ಪರದೆ ಕಟ್ಟಿ ಒಂದು ಮೇಜು ಇಟ್ಟಿದ್ದರು. ಚೀಟಿಯ ಮೇಲೆ ಯಾರೇ ಆಗಲಿ ಹಾಕಬೇಕಾದದ್ದು ಒಂದೇ ಗುರುತು, ಒಂದನ್ನೊಂದು ಅಡ್ಡಹಾಯುವ ಎರಡು ಗೆರೆ. ಮಾಲೀಕನದೂ ಅದೇ, ಮೇಸ್ತ್ರಿಯದೂ ಅದೇ, ನನ್ನದೂ ಅದೇ. ಮಡಚಿ ಪೆಟ್ಟಿಗೆಗೆ ಹಾಕಿದ ಮೇಲೆ ಯಾರದು ಯಾವುದೆಂದು ಹೇಳಬಲ್ಲವನು ಯಾವನೂ ಇಲ್ಲ. ಅದು ಹೊಳೆದದ್ದೇ ನನಗೆ ಅಳು ಬಂದುಬಿಟ್ಟಿತು. ಪೆಟ್ಟಿಗೆಯ ಹತ್ತಿರ ಕೂತಿದ್ದ ಗುಮಾಸ್ತ, ‘ಏನಾಯ್ತಮ್ಮ, ತಪ್ಪಾಗಿ ಹಾಕಿದ್ರಾ?’ ಎಂದು ಗಾಬರಿಯಾದ.

ಹೊರಗೆ ಬಂದು ದೊಡ್ಡಮ್ಮನ ಕೈ ಹಿಡಿದುಕೊಂಡೆ. ಆರು ವರ್ಷ ಬಾರದ ಮಾತು ಅಂಗಳದ ನಡುವೆ, ಅಷ್ಟು ಜನರೆದುರಿಗೆ ಬಂತು.

“ದೊಡ್ಡಮ್ಮ, ಅವತ್ತು ನಾನು ಬಿಚ್ಚಬಾರದಿತ್ತು. ಬಿಚ್ಚಿದ್ರೂ ಎದ್ದು ನಿಂತು ನಂದು ಅನ್ಬೇಕಿತ್ತು. ನಾನು ಹೆದರಿಬಿಟ್ಟೆ. ನಿನ್ನ ಕೆಲಸ ಹೋಯ್ತು, ಹೆಸರೂ ಹೋಯ್ತು.”

“ಎದ್ದಿದ್ರೆ ಮೇಲೆ ಬಂದು ನಿನ್ನ ಕಪಾಳಕ್ಕೆ ಕೊಡ್ತಿದ್ದೆ” ಎಂದಳು. ಆಮೇಲೆ ನನ್ನ ಕೆನ್ನೆಯನ್ನು ಅಂಗೈಯಿಂದ ಒರೆಸಿದಳು. ಸೂಜಿ ಹಿಡಿದು ಹಿಡಿದು ಆ ಬೆರಳ ತುದಿಗಳು ಒರಟಾಗಿದ್ದವು. “ಹುಚ್ಚಿ, ಹೆದರಿಕೆ ಇಲ್ಲದೋರಿಗೆ ಓಟು ಯಾಕೆ ಬೇಕೇ? ಅವರು ಹೇಗಾದ್ರೂ ಬದುಕ್ಕೊಳ್ತಾರೆ. ನಾನು ಕೇಳಿದ್ದೇ ಹೆದರಿದೋರಿಗೋಸ್ಕರ. ಮೂರು ಗಂಟೆಗೆ ಅಲ್ಲಿ ಹೋಗಿ ಏನು ಹೇಳ್ಲಿ ಅಂತ ಅವತ್ತು ಬೆಳಿಗ್ಗೆಯಿಂದ ಒದ್ದಾಡ್ತಾ ಇದ್ದೆ. ನೀನು ಕೂಸನ್ನ ಎತ್ಕೊಂಡು ಬಾಗಿಲಲ್ಲಿ ನಿಂತ್ಯಲ್ಲ, ಆಗ ಗೊತ್ತಾಯ್ತು, ನಾವು ಕೇಳ್ತಾ ಇರೋದು ಸರಿಯಾಗೇ ಇದೆ ಅಂತ.”

ನಾನು ಸೆರಗಿನಿಂದ ಮೂಗೊರೆಸಿಕೊಂಡೆ.

“ಇನ್ನು ನಡಿ, ಪಾಳಿಗೆ ತಡ ಆಗತ್ತೆ” ಎಂದು ನನ್ನ ಬೆನ್ನು ತಟ್ಟಿ ದಬ್ಬಿದಳು. ನಾನು ಅಳುತ್ತಲೇ, ನಗುತ್ತಲೇ ಕಾರ್ಖಾನೆಗೆ ಹೋಗಿ ನನ್ನ ಜಾಗದಲ್ಲಿ ಕೂತು ಸೂಜಿಗೆ ದಾರ ಏರಿಸಿದೆ. ಅವತ್ತು ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣು ಹೊಕ್ಕಿತು.